ಸಿಸ್ಟರ್ ಕೈಗೆ ಎಷ್ಟು ಗ್ಲೌಸು?

ಬ್ಲಾಗ್ ಕಡೆ ತಲೆ ಹಾಕದೆ ಐದು ತಿಂಗಳ ಮೇಲಾಯ್ತು. ಒಂದಿಬ್ಬರು ಮೇಲ್ ಮಾಡಿ "ಎಲ್ರೀ ಕಾಣೆಯಾದ್ರಿ?" ಅಂತ ವಿಚಾರಿಸಿದ್ದಿರಿ. ಅದಕ್ಕೂ ಉತ್ತರ ಬರೆಯೋಕೆ ಆಗಲಿಲ್ಲ, ಬೇಜಾರು ಮಾಡ್ಕೋಬೇಡಿ. ಅಮ್ಮನಿಗೆ ಸ್ತನ ಕ್ಯಾನ್ಸರ್ ಅಂತ ಗೊತ್ತಾಯ್ತು, ಆಪರೇಷನ್ ಆಯ್ತು, ಈಗ ಕೀಮೋ ನಡೀತಾ ಇದೆ. ಅಮ್ಮ ಗಟ್ಟಿಗಿತ್ತಿ. ಕೂದಲು ಪೂರ್ತಿ ಹೋಗಿದೆ, ಬಾಯೆಲ್ಲ ಹುಣ್ಣು, ಆದರೂ ಸಂಜೆ ಸೀರಿಯಲ್ ಬಿಟ್ಟಿಲ್ಲ. ಹಾಗಾಗಿ ಅವಳ ಬಗ್ಗೆ ಗಾಬರಿ ಬೇಡ. ಈ ಬರಹ ಅವಳ ಬಗ್ಗೆ ಅಲ್ಲವೇ ಅಲ್ಲ. ಅವಳಿಗೆ ಔಷಧಿ ಕೊಡುವ ಹುಡುಗಿಯ ಬಗ್ಗೆ.

ನಮ್ಮನೆ ಶ್ರೀನಗರ ಬಸ್ ಸ್ಟ್ಯಾಂಡಿನಿಂದ ಐದು ನಿಮಿಷದ ದಾರಿ. ನಾನು ಸ್ಕೂಲಿಗೆ ಹೋಗುತ್ತಿದ್ದ ಕಾಲದಲ್ಲಿ ಈ ಕಡೆ ಯಾರಿಗಾದರೂ ಕ್ಯಾನ್ಸರ್ ಅಂದರೆ ಹೊಸೂರು ರಸ್ತೆಯ ಕಿದ್ವಾಯಿ. 1973ರಲ್ಲಿ ಶುರುವಾದ ಆಸ್ಪತ್ರೆ ಅದು. "ಕಿದ್ವಾಯಿಗೆ ಸೇರಿಸಿದಾರಂತೆ" ಅನ್ನೋ ಮಾತನ್ನ ದೊಡ್ಡವರು ದನಿ ತಗ್ಗಿಸಿ ಆಡೋರು, ನಾವು ಮಕ್ಕಳು ಅಡುಗೆಮನೆ ಬಾಗಿಲ ಹಿಂದೆ ನಿಂತು ಕೇಳಿಸ್ಕೊಳ್ಳೋರು. ಈಗ ಹಾಗಿಲ್ಲ. ದಕ್ಷಿಣ ಬೆಂಗಳೂರಲ್ಲೇ ಕೀಮೋ ಕೊಡುವ ಎಷ್ಟೋ ಆಸ್ಪತ್ರೆಗಳಿವೆ. ಬೆಳಿಗ್ಗೆ ಇಡ್ಲಿ ತಿಂದು ಆಟೋ ಹತ್ತಿದರೆ ಸಂಜೆ ಕಾಫಿ ಹೊತ್ತಿಗೆ ವಾಪಸ್ ಮನೆ. ನಾವು ಹೋಗೋದು ಅಂಥದ್ದೊಂದು ಖಾಸಗಿ ಆಸ್ಪತ್ರೆಯ ಡೇ ಕೇರ್‌ಗೆ. ಹೆಸರು ಬರೆಯಲ್ಲ. ಡಾಕ್ಟರು ಒಳ್ಳೆಯವರು, ಅಮ್ಮನನ್ನ ಚೆನ್ನಾಗಿ ನೋಡ್ಕೊಂಡಿದಾರೆ. ಒಂದು ಆಸ್ಪತ್ರೆಗೆ ಬೈದು ಕೈ ತೊಳ್ಕೊಳ್ಳೋ ವಿಷಯವೂ ಇದಲ್ಲ.

ಮೊದಲನೇ ಸೈಕಲ್ ದಿನ. ಸಾಲಾಗಿ ಒರಗುವ ಕುರ್ಚಿಗಳು, ಪ್ರತಿ ಕುರ್ಚಿ ಪಕ್ಕ ಡ್ರಿಪ್ ಕಂಬ. ಮೂಲೆಯಲ್ಲಿ ಒಂದು ಸ್ಟೀಲ್ ಟ್ರಾಲಿ. ಅದರ ಮೇಲೆ ಕೇಸ್ ಶೀಟುಗಳು, ಒಂದು ನೀರಿನ ಬಾಟಲಿ, ಔಷಧಿ ಬಾಟಲಿಗಳು. ಒಬ್ಬ ಸಿಸ್ಟರ್ ಅಲ್ಲೇ ನಿಂತು ಎಲ್ಲರ ಔಷಧಿ ಕಲಸ್ತಾ ಇದ್ದರು. ಪುಟ್ಟ ಬಾಟಲಿಯೊಳಗಿನ ಪುಡಿಗೆ ಸಿರಿಂಜಿನಲ್ಲಿ ನೀರು ಬಿಡೋದು, ಅಲ್ಲಾಡಿಸೋದು, ಮತ್ತೆ ಸೂಜಿ ಚುಚ್ಚಿ ಎಳೆಯೋದು. ಒಂದು ಸಲ ಸೂಜಿ ಈಚೆಗೆ ತೆಗೆಯುವಾಗ ಪುಸ್ ಅಂತ ಸಣ್ಣಗೆ ಚಿಮ್ಮಿತು. ಹತ್ತಿಯಲ್ಲಿ ಒರೆಸಿ ಮುಂದಿನ ಬಾಟಲಿ ತಗೊಂಡರು. ಕೈಗೆ ಒಂದು ಜೊತೆ ಸಾದಾ ರಬ್ಬರ್ ಗ್ಲೌಸು, ಮುಖಕ್ಕೆ ಮೂರು ಪದರದ ನೀಲಿ ಮಾಸ್ಕು.

ಆಮೇಲೆ ಅಮ್ಮನ ಹತ್ತಿರ ಬಂದರು. ಅಮ್ಮನಿಗೆ ಕೊಡುವ ಎರಡು ಔಷಧಿಗಳಲ್ಲಿ ಒಂದು ಕೆಂಪಗಿರುತ್ತೆ, ಹೆಚ್ಚು ಕಮ್ಮಿ ರೂಹಫ್ಜಾ ಬಣ್ಣ. ಡಾಕ್ಸೋರುಬಿಸಿನ್ ಅಂತ ಹೆಸರು. ಅದನ್ನ ಅಮ್ಮನಿಗೆ ಡ್ರಿಪ್ಪಿಗೆ ಹಾಕಿ ಬಿಟ್ಟು ಹೋಗಲಿಲ್ಲ. ಪಕ್ಕದಲ್ಲೇ ಕೂತು ಸಿರಿಂಜಿನಲ್ಲಿ ನಿಧಾನವಾಗಿ ತಳ್ಳಿದರು. ನರದಿಂದ ಹೊರಗೆ ಸೋರಿದರೆ ಸುತ್ತಲಿನ ಮಾಂಸವೇ ಕೊಳೆತು ಹುಣ್ಣಾಗುವಂಥ ಔಷಧಿ ಅದು. ಆ ಹುಡುಗಿ ಸ್ಟೂಲ್ ಎಳೆದುಕೊಂಡು ಕೂತಾಗಲೇ ನಾನು ನೋಡಿದ್ದು, ಬಸುರಿ. ಅಮ್ಮ ನನಗಿಂತ ಮೊದಲೇ ನೋಡಿದ್ದಳು.

"ಎಷ್ಟಮ್ಮಾ ತಿಂಗಳು?"

"ಆರು ಆಂಟಿ."

ಅಲ್ಲಿಂದ ಮುಂದೆ ಹತ್ತು ನಿಮಿಷ ಬಳೆ ತೊಡಿಸುವ ಶಾಸ್ತ್ರ, ಹುಳಿ ತಿನ್ನೋ ಆಸೆ, ಮೊದಲ ಹೆರಿಗೆಗೆ ತೌರಿಗೆ ಹೋಗ್ತೀಯಾ ಇಲ್ವಾ. ಅಮ್ಮನ ಮೈಗೆ ಕೆಂಪು ಔಷಧಿ ಇಳೀತಾ ಇತ್ತು. ಸಿರಿಂಜ್ ಬಿಚ್ಚುವಾಗ ಒಂದು ತೊಟ್ಟು ಕುರ್ಚಿಯ ಕೈ ಮೇಲೆ ಬಿತ್ತು. ಒರೆಸಿ, ಹತ್ತಿಯನ್ನ ಹಳದಿ ಬಣ್ಣದ ಬುಟ್ಟಿಗೆ ಹಾಕಿದರು.

ಬೇರೆ ಕೆಲಸ ಇಲ್ಲದವನು ಗೋಡೆ ಮೇಲಿನದೆಲ್ಲ ಓದ್ತಾನೆ. ಆ ಹಳದಿ ಬುಟ್ಟಿಯ ಮೇಲೆ ಅಂಟಿಸಿದ್ದ ಚೀಟಿಯನ್ನೂ ಓದಿದೆ. ಸೈಟೋಟಾಕ್ಸಿಕ್ ಕಸ ಅಂತಿತ್ತು. ಜೀವಕೋಶಕ್ಕೆ ವಿಷ ಅಂತ ಅರ್ಥ. ಮನೆಗೆ ಬಂದು ಹುಡುಕಿದರೆ, 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಲ್ಲಿ ಇದಕ್ಕೆ ಪ್ರತ್ಯೇಕವಾಗಿ ಬರೆದಿದ್ದಾರೆ. ಈ ಔಷಧಿ ತಾಗಿದ ವಸ್ತುವನ್ನ ತಯಾರಕರಿಗೆ ವಾಪಸ್ ಕಳಿಸಬೇಕು ಅಥವಾ ಸಾಮೂಹಿಕ ಘಟಕಕ್ಕೆ ಕೊಡಬೇಕು. ಹೇಗಿದ್ದರೂ 1200 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಶಾಖದಲ್ಲೇ ಸುಡಬೇಕು. ಅಂದರೆ ಆ ಗ್ಲೌಸನ್ನ ಏನು ಮಾಡಬೇಕು ಅಂತ ಸರ್ಕಾರಕ್ಕೆ ಡಿಗ್ರಿ ಲೆಕ್ಕದಲ್ಲಿ ಗೊತ್ತು. ಗ್ಲೌಸಿನ ಒಳಗಿದ್ದ ಕೈ ಬಗ್ಗೆ?

ಅವತ್ತಿನಿಂದ ಈ ಪ್ರಶ್ನೆ ತಲೇಲಿ ಕೂತಿದೆ.

ನಮ್ಮ ಮೇಲಿನ ಮನೆ ಬಾಡಿಗೆಗಿರೋರೂ ನರ್ಸೇ. ಬೇರೊಂದು ಆಸ್ಪತ್ರೆಯಲ್ಲಿ ಆರು ವರ್ಷದಿಂದ ಕ್ಯಾನ್ಸರ್ ವಾರ್ಡಿನಲ್ಲಿದ್ದಾರೆ. ಕಾಸರಗೋಡಿನ ಪೆರ್ಲದ ಕಡೆಯವರು, ಕನ್ನಡ ಮೀಡಿಯಂನಲ್ಲಿ ಓದಿದವರು. ಹೆಸರು ಹಾಕಬೇಡಿ ಅಂದಿದ್ದಾರೆ. ಒಂದು ಭಾನುವಾರ ತಾರಸಿಯಲ್ಲಿ ಬಟ್ಟೆ ಒಣಗಿಸ್ತಾ ಇದ್ದಾಗ ಕೇಳಿಯೇಬಿಟ್ಟೆ. "ಸಿಸ್ಟರ್, ಆ ಕೀಮೋ ಔಷಧಿ ನಿಮಗೇನೂ ಮಾಡಲ್ವಾ?"

ಅವರು ಸ್ವಲ್ಪ ಹೊತ್ತು ಕ್ಲಿಪ್ ಹಾಕ್ತಾನೇ ಇದ್ದರು. ಆಮೇಲೆ "ಎಂತ ಹೇಳುದು ಅಣ್ಣ... ಕ್ಲಾಸಲ್ಲಿ ಎಲ್ಲ ಕಲಿಸಿದ್ದಾರೆ. ಎರಡು ಗ್ಲೌಸ್, ಗೌನು, ಎನ್95, ಕನ್ನಡಕ. ಡ್ಯೂಟಿಗೆ ಬಂದ ಮೇಲೆ ಗೌನು ಲಾಕರಲ್ಲಿ ಉಂಟು, ಕೀ ಇನ್ಚಾರ್ಜ್ ಹತ್ರ ಉಂಟು" ಅಂದು ನಕ್ಕರು. ಮೊದಮೊದಲು ಕಲಸಿದ ದಿನ ತಲೆನೋವು ಬರುತ್ತಿತ್ತಂತೆ, ಬಾಯಲ್ಲಿ ಲೋಹದ ರುಚಿ. ಆಮೇಲೆ ಅಭ್ಯಾಸ ಆಯ್ತಂತೆ. ಕೊನೆಗೆ ಬಕೆಟ್ ಎತ್ತಿಕೊಂಡು ಹೋಗುವಾಗ ಮೆಲ್ಲಗೆ ಹೇಳಿದರು, "ನಂದು ಎರಡು ಸಲ ಹೋಯ್ತು ಅಣ್ಣ. ಎರಡೂ ಎರಡನೇ ತಿಂಗಳಲ್ಲೇ. ಡಾಕ್ಟರು ಕೆಲವರಿಗೆ ಹಾಗೆ ಆಗ್ತದೆ ಹೇಳಿದ್ರು. ನನ್ನ ಅತ್ತೆ ನಾಗನಿಗೆ ತಂಬಿಲ ಹೇಳಿಕೊಂಡ್ರು. ನಾನು ಕೆಲಸ ಎಂತದ್ದು ಅಂತ ಯಾರೂ ಕೇಳ್ಲಿಲ್ಲ."

ಇಲ್ಲಿ ಒಂದು ಮಾತು ನೇರವಾಗಿ ಹೇಳಿಬಿಡ್ತೀನಿ. ಅವರಿಗೆ ಗರ್ಭ ನಿಲ್ಲದಿದ್ದದ್ದು ಆ ಔಷಧಿಯಿಂದಲೇ ಅಂತ ಯಾರೂ ಹೇಳೋಕಾಗಲ್ಲ. ಗೊತ್ತಾದ ಬಸಿರುಗಳಲ್ಲಿ ನೂರಕ್ಕೆ ಹತ್ತಿಪ್ಪತ್ತು ಹಾಗೇ ಹೋಗುತ್ತವೆ, ಯಾವ ಔಷಧಿ ಮುಟ್ಟದವರಲ್ಲೂ. ಒಬ್ಬರ ಕಥೆಯಿಂದ ಏನೂ ಸಾಬೀತಾಗಲ್ಲ. ಆದರೆ ಸಾವಿರ ಜನರ ಲೆಕ್ಕದಿಂದ ಏನಾದರೂ ಗೊತ್ತಾಗುತ್ತೆ, ಆ ಲೆಕ್ಕ ಇಟ್ಟವರು ಇದ್ದಾರೆ.

ಮೊದಲು ಇಟ್ಟವರಲ್ಲಿ ಫಿನ್ಲೆಂಡಿನವರು ಸೇರಿದ್ದಾರೆ. 1979ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅವರದೊಂದು ಪುಟ್ಟ ವರದಿ ಬಂತು. ಕ್ಯಾನ್ಸರ್ ಔಷಧಿ ಮುಟ್ಟುವ ನರ್ಸುಗಳ ಮೂತ್ರವನ್ನ ತಗೊಂಡು ಬ್ಯಾಕ್ಟೀರಿಯಾ ಮೇಲೆ ಪರೀಕ್ಷೆ ಮಾಡಿದರು. ಬ್ಯಾಕ್ಟೀರಿಯಾದ ವಂಶವಾಹಿ ಬದಲಾಗುವ ಪ್ರಮಾಣ ಹೆಚ್ಚಾಯಿತು. ಅಂದರೆ ರೋಗಿಗೆ ಕೊಟ್ಟ ಔಷಧಿ, ಕೊಟ್ಟವರ ಮೈಯೊಳಗೂ ಹೋಗಿ ಮೂತ್ರದಲ್ಲಿ ಬಂದಿದೆ. 1985ರಲ್ಲಿ ಮತ್ತೆ ಫಿನ್ಲೆಂಡಿನದೇ, 17 ಆಸ್ಪತ್ರೆಗಳ ನರ್ಸುಗಳ ಅಧ್ಯಯನ ನ್ಯೂ ಇಂಗ್ಲೆಂಡ್ ಜರ್ನಲ್‌ನಲ್ಲಿ ಪ್ರಕಟವಾಯ್ತು. ಬಸಿರಿನ ಮೊದಲ ಮೂರು ತಿಂಗಳಲ್ಲಿ ಈ ಔಷಧಿ ಮುಟ್ಟಿದವರಲ್ಲಿ ಗರ್ಭ ಹೋಗುವ ಸಂಭವ ಎರಡು ಪಟ್ಟಿಗಿಂತ ಹೆಚ್ಚು, ಅವರ ಲೆಕ್ಕದಲ್ಲಿ 2.3. ಆಮೇಲೆ 2012ರಲ್ಲಿ ಅಮೆರಿಕದ ಏಳೂವರೆ ಸಾವಿರದಷ್ಟು ನರ್ಸುಗಳ ಅಧ್ಯಯನದಲ್ಲೂ ಸುಮಾರು ಎರಡು ಪಟ್ಟು ಅಂತಲೇ ಬಂತು. ಎಲ್ಲ ಅಧ್ಯಯನಗಳೂ ಇದೇ ಹೇಳುತ್ತವೆ ಅಂತಲ್ಲ, ರಕ್ಷಣೆ ಚೆನ್ನಾಗಿರೋ ಕಡೆ ವ್ಯತ್ಯಾಸ ಕಮ್ಮಿ ಕಂಡದ್ದೂ ಇದೆ. ಅದೇ ತಾನೇ ವಿಷಯ, ರಕ್ಷಣೆ ಕೊಟ್ಟರೆ ಕಮ್ಮಿಯಾಗುತ್ತೆ!

ಯಾಕೆ ಹೀಗೆ ಅಂತ ಯೋಚಿಸಿದರೆ ಆಶ್ಚರ್ಯ ಏನಿಲ್ಲ. ಈ ಔಷಧಿಗಳ ಹುಟ್ಟೇ ಯುದ್ಧದ ವಿಷದಿಂದ. ಮೊದಲ ಮಹಾಯುದ್ಧದಲ್ಲಿ ಬಳಸಿದ ಸಾಸಿವೆ ಅನಿಲ ಇದೆಯಲ್ಲ, ಅದು ತಾಗಿದವರಲ್ಲಿ ಬಿಳಿ ರಕ್ತಕಣ ಕುಸಿಯುತ್ತೆ ಅಂತ ಗೊತ್ತಾಗಿ, 1942ರಲ್ಲಿ ಅಮೆರಿಕದ ಯೇಲ್‌ನಲ್ಲಿ ಗುಡ್‌ಮನ್ ಮತ್ತು ಗಿಲ್‌ಮನ್ ಅದರ ಸಂಬಂಧಿಯಾದ ನೈಟ್ರೋಜನ್ ಮಸ್ಟರ್ಡ್ ಅನ್ನ ಕ್ಯಾನ್ಸರ್ ರೋಗಿಗೆ ಕೊಟ್ಟು ನೋಡಿದರು. ಅಮ್ಮನ ಎರಡನೇ ಔಷಧಿ ಸೈಕ್ಲೋಫಾಸ್ಫಮೈಡ್ ಅದೇ ಮನೆತನದ್ದು. ಅದಕ್ಕೆ ಬಣ್ಣ ಇಲ್ಲ, ನೀರಿನ ಹಾಗಿರುತ್ತೆ, ಚೆಲ್ಲಿದರೂ ಕಾಣಲ್ಲ. ಕೆಂಪು ಔಷಧಿ ಚೆಲ್ಲಿದಾಗ ಸಿಸ್ಟರ್ ಒರೆಸಿದರು, ಇದು ಚೆಲ್ಲಿದ್ದರೆ ಒರೆಸೋಕೆ ಗೊತ್ತಾಗ್ತಾ ಇತ್ತಾ?

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿ ಮಾಡುತ್ತೆ. 2004ರಲ್ಲಿ ಅಡಿಕೆಯನ್ನ ಮೊದಲನೇ ಗುಂಪಿಗೆ ಸೇರಿಸಿದ್ದು ಇದೇ ಸಂಸ್ಥೆ. ಮಲೆನಾಡಿನ ಮಿತ್ರರಿಗೆ ಆ ಸಿಟ್ಟು ಇನ್ನೂ ಆರಿಲ್ಲ, ಗೊತ್ತು :-) ಸೈಕ್ಲೋಫಾಸ್ಫಮೈಡ್ ಇರೋದು ಅದೇ ಮೊದಲನೇ ಗುಂಪಿನಲ್ಲಿ, ತಂಬಾಕು ಮತ್ತು ಆಸ್ಬೆಸ್ಟಾಸ್ ಜೊತೆ. ಡಾಕ್ಸೋರುಬಿಸಿನ್ ಅದರ ಕೆಳಗಿನ ಗುಂಪಲ್ಲಿದೆ. ಕ್ಯಾನ್ಸರ್ ವಾಸಿ ಮಾಡೋದೇ ಕ್ಯಾನ್ಸರ್ ತರುತ್ತೆ ಅಂದರೆ ವಿಚಿತ್ರ ಅನ್ನಿಸಬಹುದು. ಇವು ಒಡೆದು ಬೆಳೆಯುವ ಜೀವಕೋಶದ ಡಿಎನ್ಎಗೆ ಹೊಡೆಯುತ್ತವೆ, ಆ ಕೋಶ ಯಾರದ್ದು ಅಂತ ನೋಡಲ್ಲ. ಅಮ್ಮನಿಗೆ ಆ ಅಪಾಯ ಒಪ್ಪಿಕೊಳ್ಳೋಕೆ ಕಾರಣ ಇದೆ, ಪ್ರಾಣ ಉಳಿಯುತ್ತೆ. ಆ ಹುಡುಗಿಗೆ ಏನು ಸಿಗುತ್ತೆ? ತಿಂಗಳ ಸಂಬಳ, ಅದೂ ಎಷ್ಟು ಅಂತ ಕೇಳಿದರೆ ನಾಚಿಕೆಯಾಗುತ್ತೆ.

ರೋಗಿಗೆ ಬೀಳೋದು ಗ್ರಾಂ ಲೆಕ್ಕದ ಔಷಧಿ, ನರ್ಸಿಗೆ ತಾಗೋದು ಅದರ ಅಣುವಿನಷ್ಟು, ಅದಕ್ಕೆ ಹೆದರೋದು ಅತಿಯಾಯ್ತು ಅನ್ನೋರಿದ್ದಾರೆ. ನಿಜ, ಪ್ರಮಾಣ ತೀರಾ ಕಮ್ಮಿ. ಆದರೆ ರೋಗಿಗೆ ಆರೆಂಟು ಸೈಕಲ್ಲಿಗೆ ಮುಗೀತು. ನರ್ಸಿಗೆ ದಿನಕ್ಕೆ ಹದಿನೈದು ರೋಗಿ, ವಾರಕ್ಕೆ ಆರು ದಿನ, ಹತ್ತಿಪ್ಪತ್ತು ವರ್ಷ. ಮತ್ತೆ ಈ ಔಷಧಿ ಕಲಸಿದ ಜಾಗದಲ್ಲೇ ನಿಲ್ಲಲ್ಲ. 1999ರಲ್ಲಿ ಅಮೆರಿಕ, ಕೆನಡಾದ ಆರು ಕ್ಯಾನ್ಸರ್ ಕೇಂದ್ರಗಳಲ್ಲಿ ಮೇಜು, ನೆಲ ಎಲ್ಲ ಒರೆಸಿ ಪರೀಕ್ಷೆ ಮಾಡಿದರೆ, ಔಷಧಿ ಕೊಡುವ ಜಾಗದ ಮಾದರಿಗಳಲ್ಲೂ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಅಂಶ ಸಿಕ್ಕಿತು. ಕಂಪನಿಯಿಂದ ಬರುವ ಬಾಟಲಿಯ ಹೊರಮೈಗೇ ಅಂಟಿಕೊಂಡು ಬರೋದೂ ಇದೆ. ಅಮೆರಿಕದ ಸರ್ಕಾರಿ ಸಂಸ್ಥೆ ನಿಯೋಶ್ 2004ರಲ್ಲಿ ಎಚ್ಚರಿಕೆ ಪತ್ರ ಹೊರಡಿಸಿದಾಗ, ಇವುಗಳ ಜೊತೆ ಕೆಲಸ ಮಾಡುವವರಿಗೆ ಮಾತ್ರ ಅಲ್ಲ, ಹತ್ತಿರ ಕೆಲಸ ಮಾಡುವವರಿಗೂ ಚರ್ಮದ ಕಜ್ಜಿ, ಬಂಜೆತನ, ಗರ್ಭಪಾತ, ಹುಟ್ಟುವ ಮಗುವಿಗೆ ಊನ, ಬಹುಶಃ ರಕ್ತದ ಕ್ಯಾನ್ಸರ್ ಕೂಡ ಬರಬಹುದು ಅಂತ ಬರೆಯಿತು.

ಆ ದೇಶದವರೇನು ಮೊದಲಿಂದ ಬುದ್ಧಿವಂತರಲ್ಲ. ಮೊದಲೆಲ್ಲ ಅಲ್ಲಿ ಈ ಔಷಧಿ ಕಲಸೋಕೆ ಒಂದು ಥರ ಗಾಜಿನ ಪೆಟ್ಟಿಗೆ ಇಡುತ್ತಿದ್ದರು. ಔಷಧಿ ಮೇಲೆ ಧೂಳು, ಕ್ರಿಮಿ ಬೀಳದಿರಲಿ ಅಂತ ಶುದ್ಧ ಗಾಳಿಯನ್ನ ಹಿಂದಿನಿಂದ ಮುಂದಕ್ಕೆ ಊದೋದು, ನೇರ ಎದುರಿಗೆ ಕೂತವರ ಮುಖಕ್ಕೆ! ಔಷಧಿಗೆ ಇದ್ದ ರಕ್ಷಣೆ ಮನುಷ್ಯರಿಗೆ ಇರಲಿಲ್ಲ. ಸಿಯಾಟಲ್‌ನ ಸ್ಯೂ ಕ್ರಂಪ್ ಅನ್ನೋ ಫಾರ್ಮಸಿಸ್ಟ್ ಇಪ್ಪತ್ತು ವರ್ಷದ ಮೇಲೆ ಕೀಮೋ ಕಲಸಿದವರು, 2009ರಲ್ಲಿ ಕ್ಯಾನ್ಸರ್‌ನಿಂದಲೇ ತೀರಿಕೊಂಡರು. ಅವರಿಗೂ ಅದೇ ಕಾರಣ ಅಂತ ಸಾಬೀತಾಗಲಿಲ್ಲ. ಆದರೆ ಅವರ ಕಥೆ 2010ರಲ್ಲಿ ಪತ್ರಿಕೆಗಳಲ್ಲಿ ಬಂದ ಮೇಲೆ 2011ರಲ್ಲಿ ವಾಷಿಂಗ್ಟನ್ ರಾಜ್ಯ ಇದಕ್ಕೆ ಕಾನೂನು ಮಾಡಿತು. ಯುರೋಪಿನ ಒಕ್ಕೂಟ 2022ರಲ್ಲಿ ಇಂಥ ಔಷಧಿಗಳನ್ನ ಕೆಲಸದ ಜಾಗದ ಕ್ಯಾನ್ಸರ್‌ಕಾರಕಗಳ ಕಾನೂನಿನೊಳಗೆ ತಂದಿತು.

ಇನ್ನು ನಮ್ಮಲ್ಲಿ. ಇದು ನನಗೆ ಅತಿ ಹೆಚ್ಚು ಕಾಡುವ ಭಾಗ. ಅಮ್ಮನಿಗೆ ಮುಂದೆ ರೇಡಿಯೇಷನ್ ಬೇಕಾಗಬಹುದು ಅಂತ ಅದೇ ಆಸ್ಪತ್ರೆಯ ನೆಲಮಾಳಿಗೆಗೆ ಕರ್ಕೊಂಡು ಹೋಗಿದ್ದೆ. ಅಲ್ಲಿಯ ಟೆಕ್ನೀಷಿಯನ್ ಹುಡುಗನ ಎದೆ ಮೇಲೆ ಒಂದು ಪುಟ್ಟ ಬ್ಯಾಡ್ಜು. ಟಿಎಲ್‌ಡಿ ಅಂತಾರೆ. ಅವನ ಮೈಗೆ ಎಷ್ಟು ವಿಕಿರಣ ಬಿತ್ತು ಅಂತ ಅದು ಹಿಡಿದಿಟ್ಟುಕೊಳ್ಳುತ್ತೆ. ಮೂರು ತಿಂಗಳಿಗೊಮ್ಮೆ ಪ್ರಯೋಗಾಲಯಕ್ಕೆ ಕಳಿಸಿ ಓದಿಸಬೇಕು. ದೇಶಾದ್ಯಂತ ಹೀಗೆ ಕೆಲಸ ಮಾಡುವವರ ಲೆಕ್ಕ ಬಾಬಾ ಅಣು ಸಂಶೋಧನಾ ಕೇಂದ್ರದ ದಾಖಲೆಯಲ್ಲಿರುತ್ತೆ, ಕೆಲಸ ಬಿಟ್ಟು ಬೇರೆ ಊರಿಗೆ ಹೋದರೂ ಅವನ ಲೆಕ್ಕ ಅವನ ಜೊತೆ. ಮೇಲೆ ನೋಡೋಕೆ 1983ರಿಂದ ಅಣುಶಕ್ತಿ ನಿಯಂತ್ರಣ ಮಂಡಳಿ ಇದೆ, 2004ರ ನಿಯಮಗಳಿವೆ. ಹೆಣ್ಣುಮಗಳು ಬಸುರಿ ಅಂತ ತಿಳಿಸಿದರೆ ಹೊಟ್ಟೆಯೊಳಗಿನ ಮಗುವಿಗೆ ಎಷ್ಟರ ಮೇಲೆ ಬೀಳಬಾರದು ಅನ್ನೋದಕ್ಕೂ ಮಿತಿ ಇದೆ.

ಲಿಫ್ಟಿನಲ್ಲಿ ಮೇಲೆ ಬನ್ನಿ. ಅದೇ ಆಸ್ಪತ್ರೆ, ಅದೇ ರೋಗ, ಅದೇ ಥರ ಡಿಎನ್ಎ ಮುರಿಯುವ ಚಿಕಿತ್ಸೆ. ಇಲ್ಲಿಯ ಹುಡುಗಿಗೆ ಬ್ಯಾಡ್ಜಿಲ್ಲ, ಲೆಕ್ಕವಿಲ್ಲ, ಮಂಡಳಿಯಿಲ್ಲ. ಎಷ್ಟು ವರ್ಷ, ಯಾವ ಔಷಧಿ, ದಿನಕ್ಕೆ ಎಷ್ಟು ಬಾಟಲಿ ಕಲಸಿದಳು ಅಂತ ಯಾವ ಪುಸ್ತಕದಲ್ಲೂ ಬರೆದಿರಲ್ಲ. ಎನ್ಎಬಿಎಚ್ ಮಾನ್ಯತೆ ಬೇಕಂದರೆ ಕೀಮೋ ಸುರಕ್ಷಿತವಾಗಿ ತಯಾರಿಸಬೇಕು ಅಂತಿದೆ, ಆದರೆ ಆ ಮಾನ್ಯತೆ ಬೇಕಾದವರು ತಗೊಳ್ಳುವಂಥದ್ದು. ಕಾರ್ಖಾನೆ ಕಾಯ್ದೆ ಹಿಂದೆ ಆಸ್ಪತ್ರೆಯ ವಾರ್ಡಿಗೆ ಬರ್ತಾ ಇರಲಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆಯ ಹೊಸ ಸಂಹಿತೆ ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಗಳನ್ನೆಲ್ಲ ಒಳಗೆ ತಂದಿದೆ, ಉಚಿತ ವಾರ್ಷಿಕ ತಪಾಸಣೆಯ ಮಾತೂ ಅದರಲ್ಲಿದೆ. ಅದರ ಕೆಳಗೆ ಬರುವ ನಿಯಮದಲ್ಲಿ ಕೀಮೋ ಅನ್ನೋ ಒಂದು ಶಬ್ದ ಸೇರಿಸೋಕೆ ಎಷ್ಟು ಕಷ್ಟ?

ವಿಕಿರಣಕ್ಕೆ ಮಾತ್ರ ಯಾಕೆ ಇಷ್ಟು ಕಾಳಜಿ ಅಂದರೆ, ಅಲ್ಲಿ ಮೊದಲು ಸತ್ತವರು ಡಾಕ್ಟರು, ವಿಜ್ಞಾನಿಗಳು. ಎಕ್ಸ್‌ರೇ ಕೆಲಸದಲ್ಲಿ ಪ್ರಾಣ ಬಿಟ್ಟವರ ಹೆಸರು ಕೆತ್ತಿದ ಸ್ಮಾರಕವನ್ನ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 1936ರಲ್ಲೇ ನಿಲ್ಲಿಸಿದರು. ಇಲ್ಲಿ ಔಷಧಿ ಬರೆಯೋದು ಡಾಕ್ಟರು, ಮುಟ್ಟೋದು ನರ್ಸು, ಚೆಲ್ಲಿದ್ದು ಬಳಿಯೋದು ಆಯಾ. ನನ್ನ ಅನುಮಾನ ತಪ್ಪಿದ್ದರೆ ಸಂತೋಷ.

ನಮ್ಮ ಮೇಲಿನ ಮನೆ ಸಿಸ್ಟರ್ ಊರಿನ ಪಕ್ಕದಲ್ಲೇ ಈ "ಲೆಕ್ಕ"ದ ಇನ್ನೊಂದು ಕಥೆ ಇದೆ, ನಿಮಗೆಲ್ಲ ಗೊತ್ತಿರೋದೇ. ಗೇರು ತೋಟಗಳ ಮೇಲೆ ವರ್ಷಾನುಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಎಣ್ಮಕಜೆಯ ಕಡೆ ಕರುಗಳು, ಆಮೇಲೆ ಮಕ್ಕಳು ಊನವಾಗಿ ಹುಟ್ಟಿದಾಗ ಜನ ಅದನ್ನ ದೈವದ ಮುನಿಸು ಅಂದುಕೊಂಡರು. ಶ್ರೀ ಪಡ್ರೆಯವರು ಬರೆದರು, ವೈದ್ಯ ವೈ.ಎಸ್. ಮೋಹನ್ ಕುಮಾರ್ ತಮ್ಮ ಹತ್ತಿರ ಬರುವ ರೋಗಿಗಳ ಲೆಕ್ಕ ಇಡೋಕೆ ಶುರು ಮಾಡಿದರು. ಆಮೇಲೂ 2011ರಲ್ಲಿ ಸುಪ್ರೀಂ ಕೋರ್ಟು ನಿಷೇಧ ಹಾಕೋವರೆಗೆ "ಸಾಕ್ಷಿ ಎಲ್ಲಿ" ಅನ್ನೋ ಪ್ರಶ್ನೆ ನಿಲ್ಲಲಿಲ್ಲ. ಎರಡೂ ಒಂದೇ ಅಂತ ಹೇಳ್ತಿಲ್ಲ. ಅದು ಬೇಡದ ವಿಷ, ಇದು ಬೇಕೇ ಬೇಕಾದ ಔಷಧಿ. ಆದರೆ ಬರೆದಿಡೋರು ಇಲ್ಲದಿದ್ದರೆ ಪ್ರತಿಯೊಂದೂ ಹಣೆಬರಹದ ಖಾತೆಗೆ ಹೋಗೋದು ಎರಡು ಕಡೆಯೂ ಒಂದೇ. ಸಿಸ್ಟರಿನ ಅತ್ತೆ ತಂಬಿಲ ಹೇಳಿಕೊಂಡದ್ದು ನೆನಪಿದೆಯಲ್ಲ.

ಈಗ ನನ್ನದೇ ತಪ್ಪೊಂದನ್ನ ಹೇಳಬೇಕು. ಮೊದಲ ಕೀಮೋ ಆದ ರಾತ್ರಿ ಅಮ್ಮ ಬಚ್ಚಲಿಂದ ಕೂಗಿದಳು, ಮೂತ್ರ ಕೆಂಪಗಿತ್ತು. ರಕ್ತ ಅಂತ ಹೆದರಿ ಆಸ್ಪತ್ರೆಗೆ ಫೋನ್ ಮಾಡಿದರೆ ಔಷಧಿ ಬಣ್ಣ, ಏನೂ ಆಗಲ್ಲ ಅಂದರು. ಅಷ್ಟಕ್ಕೇ ಸಮಾಧಾನ ಆಯ್ತು. ಮಾರನೇ ದಿನ ವಾಂತಿ, ಬೆಡ್‌ಶೀಟ್ ಒದ್ದೆ. ಅದನ್ನೆಲ್ಲ ಒಗೆದದ್ದು, ಬಚ್ಚಲು ಉಜ್ಜಿದ್ದು ಮನೆಗೆಲಸಕ್ಕೆ ಬರುವ ಅಕ್ಕ, ಬರಿಗೈಯಲ್ಲಿ. ಔಷಧಿ ಬಣ್ಣ ಅಂದರೆ ಔಷಧಿ ಅಂತಲೇ ಅಲ್ಲವಾ? ಕನಿಷ್ಠ 48 ಗಂಟೆ ರೋಗಿಯ ಮೂತ್ರ, ವಾಂತಿಯಲ್ಲಿ ಆ ಔಷಧಿಯ ಅಂಶ ಇರುತ್ತೆ. ಗ್ಲೌಸ್ ಹಾಕ್ಕೊಂಡು ಮುಟ್ಟಬೇಕು, ಕಮೋಡಿನ ಮುಚ್ಚಳ ಹಾಕಿ ಎರಡು ಸಲ ಫ್ಲಶ್ ಮಾಡಬೇಕು, ಆ ಬಟ್ಟೆ ಬೇರೆಯಾಗಿ ಒಗೀಬೇಕು. ಆಸ್ಪತ್ರೆ ಕೊಟ್ಟ ಹಾಳೆಯಲ್ಲಿ ದಾಳಿಂಬೆ ತಿನ್ನಬಹುದಾ, ಮೊಸರು ತಿನ್ನಬಹುದಾ ಎಲ್ಲ ಇತ್ತು, ಇದು ಇರಲಿಲ್ಲ. ಇದನ್ನ ಹೇಳಿದ್ದು ಮೇಲಿನ ಮನೆ ಸಿಸ್ಟರ್, ಎರಡನೇ ಸೈಕಲ್ ಹೊತ್ತಿಗೆ. ಆ ಅಕ್ಕನ ಮಗಳು ಆಗ ಬಸುರಿ, ಒಂದೆರಡು ಸಲ ಅಮ್ಮನ ಬದಲು ಅವಳೇ ಕೆಲಸಕ್ಕೆ ಬಂದಿದ್ದಳು. ಈಗ ಬಚ್ಚಲು ನಾನೇ ತೊಳೀತೀನಿ. ಅವರಿಬ್ಬರಿಗೂ ಯಾಕೆ ಅಂತ ಕೂರಿಸಿಕೊಂಡು ಹೇಳಿದೆ. "ಆಗಲೇ ಹೇಳಬಾರದಾಗಿತ್ತಾ ಸಾರ್" ಅಂದರು ಅಕ್ಕ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೂರನೇ ಸೈಕಲ್ಲಿಗೆ ಹೋದಾಗ ಆ ಬಸುರಿ ಸಿಸ್ಟರ್ ಇರಲಿಲ್ಲ, ರಜೆ ಅಂದರು. ಆಡಳಿತದವರ ಹತ್ತಿರ ಹೋಗಿ ನಯವಾಗಿ ಕೇಳಿದೆ. ಔಷಧಿಯನ್ನ ವಾರ್ಡಿನಲ್ಲಿ ಯಾಕೆ ಕಲಸ್ತೀರಿ, ಫಾರ್ಮಸಿಯಲ್ಲಿ ಕ್ಯಾಬಿನೆಟ್ ಒಳಗೆ ಕಲಸಿ ಚೀಲ ಮುಚ್ಚಿ ಕಳಿಸಬಹುದಲ್ವಾ, ಸಿಸ್ಟರ್‌ಗಳಿಗೆ ಎರಡು ಜೊತೆ ಗ್ಲೌಸ್ ಯಾಕಿಲ್ಲ? ಅವರು ಕಂಪ್ಯೂಟರ್ ನೋಡ್ತಾ, "ನಿಮ್ಮ ತಾಯಿಗೆ ಏನಾದರೂ ತೊಂದರೆ ಆಯ್ತಾ ಸರ್?" ಅಂದರು. ಇಲ್ಲ ಅಂದೆ. "ಮತ್ತೆ?" ಅಂದರು. ಒಂದು ಫೀಡ್‌ಬ್ಯಾಕ್ ಫಾರಂ ಕೊಟ್ಟರು. ಕ್ಯಾಂಟೀನ್ ಹೇಗಿದೆ, ಪಾರ್ಕಿಂಗ್ ಹೇಗಿದೆ, ಸಿಬ್ಬಂದಿ ನಗುಮುಖದಿಂದ ಮಾತಾಡಿಸಿದರಾ. ಮುಖಗವಸಿನ ಹಿಂದೆ ನಕ್ಕರೋ ಇಲ್ಲವೋ ನನಗೆ ಹೇಗೆ ಗೊತ್ತಾಗಬೇಕು! ಬಿಲ್ಲಿನಲ್ಲಿ ಮಾತ್ರ ಗ್ಲೌಸು ಅಂತ ಆರು ಜೊತೆಗೆ ದುಡ್ಡು ಹಾಕಿದ್ದರು. ಅಮ್ಮನ ಕಣ್ಣ ಮುಂದೆ ಬದಲಾದದ್ದು ಎರಡು.

ಆ ಅಧಿಕಾರಿ ಕೊನೆಗೆ ಒಂದು ಕಾರಣ ಕೊಟ್ಟರು. ಸಿಸ್ಟರ್ ಗೌನು, ಕನ್ನಡಕ ಎಲ್ಲ ಹಾಕ್ಕೊಂಡು ಬಂದರೆ ಪೇಷಂಟು ಹೆದರ್ತಾರೆ, "ಇವರೇ ಇಷ್ಟು ಹೆದರೋದನ್ನ ನನ್ನ ಮೈಗೆ ಬಿಡ್ತಾರಾ" ಅಂದ್ಕೋತಾರೆ ಅಂತ. ಇದು ಪೂರ್ತಿ ಸುಳ್ಳಲ್ಲ, ನನಗೂ ಹಾಗೆ ಅನ್ನಿಸಿರಬಹುದು. ಆದರೆ 2020ರ ನಂತರ ಮೈತುಂಬ ಪ್ಲಾಸ್ಟಿಕ್ ಸುತ್ತಿಕೊಂಡವರನ್ನ ನೋಡಿ ಯಾರೂ ಹೆದರಲ್ಲ. ಅಮ್ಮನ ಹತ್ತಿರ ಈ ಮಾತು ಹೇಳಿದೆ. ಅವಳು ಟೋಪಿ ಸರಿ ಮಾಡ್ಕೊಳ್ತಾ, "ಒಲೆ ಮೇಲಿನ ಪಾತ್ರೆ ಇಳಿಸೋಕೆ ಇಕ್ಕಳ ಹಿಡಿದರೆ ಸಾರು ಕೆಟ್ಟಿದೆ ಅಂತಾನಾ?" ಅಂದಳು.

ಇನ್ನೊಂದು ಉಪಾಯವನ್ನ ಆಸ್ಪತ್ರೆಗಳು ಹೇಳುತ್ತವೆ. ಬಸುರಿ ಅಂತ ತಿಳಿಸಿದರೆ ಬೇರೆ ವಾರ್ಡಿಗೆ ಹಾಕ್ತೀವಿ. ಕೇಳೋಕೆ ಸರಿ. ಆದರೆ ಫಿನ್ಲೆಂಡಿನ ಲೆಕ್ಕ ಮೊದಲ ಮೂರು ತಿಂಗಳದ್ದು. ಬಸಿರು ಅಂತ ಗೊತ್ತಾಗೋ ಹೊತ್ತಿಗೆ ಐದಾರು ವಾರ ಆಗಿರುತ್ತೆ, ಮೂರು ತಿಂಗಳು ತುಂಬೋವರೆಗೆ ನಮ್ಮಲ್ಲಿ ಮನೆಯವರಿಗೇ ಬಾಯಿ ಬಿಡಲ್ಲ. ಕೆಲಸ ಖಾಯಂ ಆಗದ ಹುಡುಗಿ ಮೊದಲು ಹೋಗಿ ಮ್ಯಾನೇಜರಿಗೆ ಹೇಳ್ತಾಳಾ? ಮೇಲಿನ ಮನೆ ಸಿಸ್ಟರ್ ಹೇಳಿದ್ದು, "ಹೇಳಿದ್ರೆ ಕಾಂಟ್ರಾಕ್ಟ್ ರಿನ್ಯೂ ಆಗುದಿಲ್ಲ ಅಂತ ಹೆದರಿಕೆ ಅಣ್ಣ. ಹೇಳದಿದ್ರೆ ಇದು." ಹಾಗಾಗಿ ರಕ್ಷಣೆ ಬಸುರಿಗೆ ಮಾತ್ರ ಅಲ್ಲ, ಎಲ್ಲರಿಗೂ, ಮೊದಲ ದಿನದಿಂದ ಬೇಕು. ಸಂಬಳ ಕಡಿಯದೆ ಬೇರೆ ಕೆಲಸ ಕೊಡುವ ಹಕ್ಕು ಅದರ ಮೇಲೆ. ಮತ್ತೆ ಆ ಟೆಕ್ನೀಷಿಯನ್ ಹುಡುಗನಿಗೆ ಇರೋ ಹಾಗೆ ಒಂದು ದಾಖಲೆ. ಬ್ಯಾಡ್ಜು ಬೇಡ, ಒಂದು ಪುಸ್ತಕ ಸಾಕು. ಯಾರು, ಎಷ್ಟು ವರ್ಷ, ಯಾವ ಔಷಧಿ, ವರ್ಷಕ್ಕೊಮ್ಮೆ ರಕ್ತ ಪರೀಕ್ಷೆಯಲ್ಲಿ ಏನು ಬಂತು.

2017ರಲ್ಲಿ ನಮ್ಮ ರಾಜ್ಯದಲ್ಲಿ ಖಾಸಗಿ ಆಸ್ಪತ್ರೆಗಳ ಕಾಯ್ದೆ ತಿದ್ದುಪಡಿ ಅಂತ ಎಷ್ಟು ಗಲಾಟೆಯಾಯ್ತು, ಡಾಕ್ಟರು ಮುಷ್ಕರ ಹೂಡಿದರು, ನಾವೆಲ್ಲ ಬ್ಲಾಗಿನಲ್ಲೂ ಫೇಸ್‌ಬುಕ್ಕಿನಲ್ಲೂ ಕಿತ್ತಾಡಿದೆವು. ದರದ ಬಗ್ಗೆ, ಡಾಕ್ಟರ ಬಗ್ಗೆ, ರೋಗಿಯ ಬಗ್ಗೆ. ನಾನೂ ಎರಡು ಪೋಸ್ಟ್ ಬರೆದಿದ್ದೆ, ಮೊನ್ನೆ ತೆಗೆದು ಓದಿದೆ. ಎರಡರಲ್ಲೂ ನರ್ಸ್ ಅನ್ನೋ ಶಬ್ದ ಒಂದು ಸಲವೂ ಇಲ್ಲ.

ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಕ್ಯಾನ್ಸರ್ ವಾರ್ಡಿನ ನರ್ಸುಗಳು ಇದ್ದರೆ ಅವರು ಏನು ಹಾಕ್ಕೊಂಡು ಕೆಲಸ ಮಾಡ್ತಾರೆ ಅಂತ ಕೇಳಿ, ಇಲ್ಲಿ ಬರೀರಿ. ಆಸ್ಪತ್ರೆ ಹೆಸರು ಬೇಡ. ಚೆನ್ನಾಗಿ ನಡೆಸುವ ಕಡೆ ಇದ್ದರೆ ಅದನ್ನೂ ಬರೀರಿ, ಹೇಗೆ ಮಾಡ್ತಾರೆ ಅಂತ ತಿಳಿದರೆ ಇನ್ನೊಂದು ಕಡೆ ತೋರಿಸಬಹುದು.

ಅಮ್ಮನ ನಾಲ್ಕು ಸೈಕಲ್ ಮುಗಿದಿದೆ, ಗುರುವಾರದಿಂದ ಬೇರೆ ಔಷಧಿ. ನಿನ್ನೆ ಹನುಮಂತನಗರದ ಮೆಡಿಕಲ್ ಅಂಗಡಿಯಲ್ಲಿ ಎರಡು ಡಬ್ಬ ನೈಟ್ರೈಲ್ ಗ್ಲೌಸ್ ತಗೊಂಡೆ. ಒಂದು ಮನೆಗೆ, ಒಂದು ಡೇ ಕೇರಿಗೆ. ಹೊರಗಿನದು ತಗೊಳ್ಳೋ ಹಾಗಿಲ್ಲ ಅಂತ ವಾಪಸ್ ಕಳಿಸಿದರೂ ಕಳಿಸಬಹುದು. ಅಮ್ಮ ಅದರ ಮೇಲೆ ಪೆನ್ನಲ್ಲಿ "ಸಿಸ್ಟರಿಗೆ" ಅಂತ ಬರೆದಿಟ್ಟಿದ್ದಾಳೆ.